ಕೆಳಗಿನೂರಿನ ಊಟದ ಕರೆ

ಶಿಷ್ಯ ಮರಿದಾಸ ಕೇಳಿದ: “ಗುರುಗಳೇ, ನಮ್ಮ ಮನೆಯ ಬಾಗಿಲು ಯಾರಿಗೂ ಮುಚ್ಚಿಲ್ಲ. ಬಂದವರ ಜಾತಿ ಕೇಳುವುದಿಲ್ಲ, ಊರು ಕೇಳುವುದಿಲ್ಲ. ಇದ್ದುದನ್ನು ಬಡಿಸುತ್ತೇವೆ. ಆದರೂ ನೀವು ನನ್ನ ಅತಿಥಿ ಸೇವೆ ಇನ್ನೂ ಅರ್ಧವೇ ಆಗಿದೆ ಎಂದಿರಿ. ಉಳಿದ ಅರ್ಧ ಯಾವುದು?”

ಗುರು ಇನ್ನಾಸಯ್ಯನವರು ಕುಳಿತುಕೋ ಎಂದು ಕೈ ತೋರಿಸಿ ಈ ಕತೆ ಹೇಳಿದರು.

ಒಂದು ಹಳ್ಳದ ಎರಡು ದಡಗಳಲ್ಲಿ ಎರಡು ಊರುಗಳಿದ್ದವು. ಒಂದು ಮೇಲಿನೂರು, ಇನ್ನೊಂದು ಕೆಳಗಿನೂರು. ಎರಡೂ ಊರಿನವರು ಕ್ರಿಸ್ತನನ್ನು ನಂಬಿದವರು. ದೇವಾಲಯ ಮೇಲಿನೂರಿನಲ್ಲಿತ್ತು. ಭಾನುವಾರ ಕೆಳಗಿನೂರಿನವರು ಹಳ್ಳ ದಾಟಿ ಬರುತ್ತಿದ್ದರು. ಪೂಜೆ ಮುಗಿದ ಮೇಲೆ ಎಲ್ಲರೂ ದೇವಾಲಯದ ಅಂಗಳದಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು. ಹೀಗೆ ಒಟ್ಟಿಗೆ ಉಣ್ಣುವುದಕ್ಕಾಗಿಯೇ ಅವರ ಹಿರಿಯರು ತಮ್ಮ ತಮ್ಮ ಜಾತಿಯ ಹಳೆಯ ಪಂಕ್ತಿಗಳನ್ನು ಬಿಟ್ಟು ಬಂದಿದ್ದರು.

ಒಂದು ವರ್ಷ ಕೆಳಗಿನೂರಿಗೆ ಪ್ಲೇಗು ಬಂತು. ಮೇಲಿನೂರಿನ ಯಜಮಾನ ರಾಯಪ್ಪ ಆಗ ಹರೆಯದವನು. ಅವನು ಜಾಲಿಯ ಮುಳ್ಳು ಕಡಿಸಿ ಹಳ್ಳದ ದಾರಿಗೆ ಅಡ್ಡ ಹಾಕಿಸಿದ. ರೋಗ ಇಳಿಯುವವರೆಗೆ ಮಾತ್ರ ಎಂದ. ಕೆಲವು ದಿನ ಆಚೆ ದಡದಲ್ಲಿ ಒಲೆಯ ಹೊಗೆ ಕಾಣುತ್ತಿತ್ತು. ಕೆಲವು ದಿನ ಯಾರೋ ಕೂಗುವುದು ಕೇಳುತ್ತಿತ್ತು. ಆಮೇಲೆ ಹೊಗೆಯೂ ಇಲ್ಲ, ಕೂಗೂ ಇಲ್ಲ. ರೋಗ ಇಳಿಯಿತು. ಮುಳ್ಳನ್ನು ಯಾರೂ ತೆಗೆಯಲಿಲ್ಲ. ತೆಗೆದರೆ ಆಚೆಗೆ ಹೋಗಿ ನೋಡಬೇಕಾಗುತ್ತಿತ್ತು.

ಮೇಲಿನೂರಿನವರು ಕೆಟ್ಟವರಲ್ಲ. ಸತ್ತವರ ನೆನಪಿನ ದಿನ ಕೆಳಗಿನೂರಿನ ಆತ್ಮಗಳಿಗಾಗಿ ಪ್ರತಿ ವರ್ಷ ಮೇಣದಬತ್ತಿ ಹಚ್ಚುತ್ತಿದ್ದರು. ಭಾನುವಾರದ ಪಂಕ್ತಿಯನ್ನೂ ನಿಲ್ಲಿಸಲಿಲ್ಲ. ದಾರಿಹೋಕರು, ಬಳೆಗಾರರು, ಕುರಿ ಕಾಯುವವರು, ಯಾರು ಬಂದರೂ ಅಲ್ಲಿ ಎಲೆ ಹಾಕುತ್ತಿದ್ದರು. ಸುತ್ತಲಿನ ಜನ ಆ ಊರನ್ನು ಅನ್ನದ ಊರು ಎಂದೇ ಕರೆಯತೊಡಗಿದರು. ಆ ಹೆಸರು ಕೇಳಿದಾಗ ಊರಿನವರಿಗೆ ಒಳಗೊಳಗೇ ಸಂತೋಷವಾಗುತ್ತಿತ್ತು.

ಆ ಊರಿನ ಗಾಣಿಗ ಚೌರಪ್ಪನನ್ನು ಮದಲೇನಮ್ಮ ಎಂಬ ಹೆಣ್ಣು ಮದುವೆಯಾಗಿ ಬಂದಳು. ದೂರದ ಊರಿನವಳು. ಪ್ಲೇಗಿನ ಕಾಲದಲ್ಲಿ ಅವಳು ಹುಟ್ಟಿಯೂ ಇರಲಿಲ್ಲ. ಬಡಿಸುವುದರಲ್ಲಿ ಅವಳ ಕೈ ದೊಡ್ಡದು. ಬರುಬರುತ್ತ ಭಾನುವಾರದ ಪಂಕ್ತಿಗೆ ಅನ್ನ ಬಡಿಸುವ ಕೆಲಸ ಅವಳದೇ ಆಯಿತು.

ಒಂದು ಬೇಸಿಗೆಯ ಭಾನುವಾರ ಪಂಕ್ತಿಯ ಕೊನೆಯಲ್ಲಿ ಒಬ್ಬ ಅಪರಿಚಿತ ಹೆಂಗಸು ಕೂತಿದ್ದಳು. ತಲೆಯ ಮೇಲೆ ಸೆರಗು. ಹಳ್ಳ ಬತ್ತಿ ಮರಳಾಗಿದ್ದ ಕಾಲ ಅದು. ಅವಳ ಸೀರೆಯ ಅಂಚು ಮಾತ್ರ ಒದ್ದೆಯಾಗಿತ್ತು. ಮದಲೇನಮ್ಮ ಅವಳಿಗೂ ಬಡಿಸಿದಳು. ಅನ್ನದಿಂದ ಏಳುತ್ತಿದ್ದ ಹಬೆ ಆ ಎಲೆಯನ್ನು ಮುಟ್ಟಿದ ಕೂಡಲೇ ನಿಂತುಹೋಯಿತು. ಹೆಂಗಸು ತಲೆ ಬಗ್ಗಿಸಿ, ಒಂದಗುಳೂ ಬಿಡದೆ ಉಂಡಳು. ಎಂಜಲೆಲೆಗೆ ಕಾಯುವ ನಾಯಿಗಳು ಅಂದು ಅಂಗಳದೊಳಗೆ ಬರಲಿಲ್ಲ. ಬೇಲಿಯ ಹೊರಗೆ ನಿಂತು ಸುಮ್ಮನೆ ನೋಡುತ್ತಿದ್ದವು.

ಮುಂದಿನ ಭಾನುವಾರವೂ ಅವಳು ಬಂದಳು. ಅದರ ಮುಂದಿನ ವಾರವೂ ಬಂದಳು. ಬರುವುದನ್ನು ಯಾರೂ ಕಾಣಲಿಲ್ಲ. ಎಲೆ ಹಾಕಿ ತಿರುಗಿ ನೋಡಿದರೆ ಕೊನೆಯ ಎಲೆಯ ಮುಂದೆ ಅವಳು ಇರುತ್ತಿದ್ದಳು. ಅವಳ ಪಕ್ಕದ ಜಾಗ ಖಾಲಿ ಬೀಳತೊಡಗಿತು. ಆದರೆ ಎದ್ದು ಹೋಗು ಎಂದು ಯಾರೂ ಅನ್ನಲಿಲ್ಲ. ಯಾರನ್ನೂ ಏಳಿಸದ ಊರು ಅದು.

ಕೊನೆಗೊಂದು ಭಾನುವಾರ, ಉಳಿದವರು ಇನ್ನೂ ಉಣ್ಣುತ್ತಿರುವಾಗಲೇ, ಅವಳು ಕೈ ತೊಳೆದು ಪಂಕ್ತಿಯ ಮುಂದೆ ಬಂದು ನಿಂತಳು.

“ನಿಮ್ಮ ಅನ್ನ ಉಂಡಿದ್ದೇವೆ. ಬರುವ ಭಾನುವಾರ ನಮ್ಮಲ್ಲಿ ಊಟ. ಎಲ್ಲರೂ ಬನ್ನಿ,” ಎಂದಳು.

ಯಾವ ಊರಮ್ಮ ಎಂದು ಯಾರೋ ಕೇಳಿದರು. ಅವಳು ಹಳ್ಳದ ಕಡೆ ಕೈ ತೋರಿಸಿ, ಕೆಳಗಿನೂರು ಎಂದಳು.

ಯಜಮಾನ ರಾಯಪ್ಪನ ಕೈಯಲ್ಲಿದ್ದ ತುತ್ತು ಎಲೆಯ ಮೇಲೆ ಬಿತ್ತು. ಈಗ ಅವನು ಹಣ್ಣು ಮುದುಕ. ಅವಳು ಹೋದ ಮೇಲೆ ಅವನು ಪಿಸುದನಿಯಲ್ಲಿ ಹೇಳಿದ: ಅವಳ ಹೆಸರು ಸಹಾಯಮ್ಮ. ಕೆಳಗಿನೂರಿನವಳು. ಪ್ಲೇಗಿನ ವರ್ಷ ಮುಳ್ಳಿನ ಆಚೆ ನಿಂತು ರಾಯಪ್ಪಾ ಎಂದು ತನ್ನನ್ನು ಹೆಸರು ಹಿಡಿದು ಕರೆದವಳು ಅವಳೇ. ಅಂದು ಹೇಗಿದ್ದಳೋ ಇಂದೂ ಹಾಗೇ ಇದ್ದಾಳೆ.

ಆ ವಾರ ಊರಿನಲ್ಲಿ ಬೇರೆ ಮಾತಿರಲಿಲ್ಲ. ಹೆಂಗಸರು ಹೊಸಿಲಿಗೆ ತೀರ್ಥ ಚಿಮುಕಿಸಿದರು. ಕೆಲವರು ಇದು ಸೈತಾನನ ಕರೆ ಎಂದರು. ಹೋದವರು ತಿರುಗಿ ಬರುವುದಿಲ್ಲ ಎಂದರು. ಪೂಜೆ ಮಾಡಿಸಿದರೆ ಸಾಕು ಎಂದರು ಇನ್ನು ಕೆಲವರು. ಕೊನೆಗೆ ರಾಯಪ್ಪ ಒಂದು ತೀರ್ಮಾನ ಹೇಳಿದ. ಪ್ರತಿ ಮನೆಯಿಂದ ಅಕ್ಕಿ ಎತ್ತಿ, ಮೂಟೆ ಕಟ್ಟಿ, ಮುಳ್ಳಿನ ಬಳಿ ಇಟ್ಟು ಬರುವುದು. ಅವರ ಪಾಲಿಗೆ ಅಷ್ಟು ಕೊಟ್ಟರೆ ಶಾಂತರಾದಾರು. ಎಲ್ಲರೂ ಒಪ್ಪಿದರು. ಕೊಡುವುದು ಆ ಊರಿಗೆ ಗೊತ್ತಿದ್ದ ಕೆಲಸ.

ಮದಲೇನಮ್ಮ ಒಪ್ಪಲಿಲ್ಲ. ಆ ಹೆಂಗಸು ಅಕ್ಕಿ ಕೇಳಲಿಲ್ಲ, ಊಟಕ್ಕೆ ಕರೆದಳು ಎಂದಳು. ಕರೆದವರ ಮನೆಗೆ ಹೋಗದೆ ಅಕ್ಕಿ ಕಳಿಸುವುದು ಯಾವ ಮರ್ಯಾದೆ ಎಂದು ಕೇಳಿದಳು.

ಮನೆಯಲ್ಲಿ ಚೌರಪ್ಪ ಅವಳನ್ನು ತಡೆದ. ಮೊದಲು ಗದರಿಸಿದ. ಆಮೇಲೆ ಬೇಡಿಕೊಂಡ. ಅವನಿಗೆ ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ.

“ಅವರ ಅನ್ನ ಉಂಡರೆ ನೀನು ಅವರವಳಾಗಿಬಿಡುತ್ತೀಯ,” ಎಂದ.

ಮದಲೇನಮ್ಮನಿಗೂ ಹೆದರಿಕೆಯಾಗಿತ್ತು.

“ನಮ್ಮ ಪಂಕ್ತಿಯಲ್ಲಿ ಉಂಡವರು ನಮ್ಮವರು ಅಂತ ನೀವೇ ನನಗೆ ಹೇಳಿಕೊಟ್ಟಿರಿ. ಹಾಗಾದರೆ ಅವಳು ಆಗಲೇ ನಮ್ಮವಳಲ್ಲವೇ?” ಎಂದಳು.

ಭಾನುವಾರ ಪೂಜೆ ಮುಗಿಯಿತು. ಊರಿನವರು ಎಂದಿನಂತೆ ಪಂಕ್ತಿ ಹಾಕಿದರು. ಕೊನೆಯ ಎಲೆಯ ಮುಂದೆ ಯಾರೂ ಇರಲಿಲ್ಲ. ಮದಲೇನಮ್ಮ ಎಲೆ ಅಡಿಕೆ, ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು ಹೊರಟಳು. ಬರಿಗೈಯಲ್ಲಿ ಹೋಗಬಾರದು ಎಂದು ಅವಳ ತಾಯಿ ಕಲಿಸಿದ್ದಳು. ಚೌರಪ್ಪ ಹಳ್ಳದವರೆಗೆ ಬಂದ. ಮರಳಿನ ಅಂಚಿನಲ್ಲಿ ಅವನ ಕಾಲು ನಿಂತುಬಿಟ್ಟಿತು. ಅವನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತ.

ಅದು ನಡು ಮಧ್ಯಾಹ್ನ. ಊರಿನವರು ಇಟ್ಟುಹೋದ ಅಕ್ಕಿ ಮೂಟೆ ಮುಳ್ಳಿನ ಬಳಿ ಇಟ್ಟಂತೆಯೇ ಇತ್ತು. ಮುಳ್ಳು ಒಣಗಿ ಹಳೆಯದಾಗಿತ್ತು. ಮದಲೇನಮ್ಮ ಕೈಯಿಟ್ಟರೆ ಪುಡಿಯಾಗಿ ಉದುರಿತು. ಇಷ್ಟು ವರ್ಷ ಊರನ್ನು ತಡೆದದ್ದು ಇದೇನಾ ಎಂದು ಅವಳಿಗೆ ಅನ್ನಿಸಿತು. ಆಚೆ ಹಕ್ಕಿಯ ದನಿಯೂ ಇರಲಿಲ್ಲ.

ಕೆಳಗಿನೂರಿನ ಮನೆಗಳ ಸೂರು ಬಿದ್ದುಹೋಗಿತ್ತು. ಗೋಡೆಗಳ ನಡುವೆ ಬೇವು ಬೆಳೆದಿತ್ತು. ಆದರೆ ಬೀದಿ ಗುಡಿಸಿತ್ತು. ನೆಲಕ್ಕೆ ಸಗಣಿ ನೀರು ಹಾಕಿ ಸಾರಿಸಿದ್ದು ಇನ್ನೂ ಆರಿರಲಿಲ್ಲ. ಆ ಊರಿನವರು ಸಂಜೆಯ ಪ್ರಾರ್ಥನೆಗೆ ಸೇರುತ್ತಿದ್ದ ಜಪಮನೆಯ ಮುಂದೆ, ಬೀದಿಯ ಈ ಕೊನೆಯಿಂದ ಆ ಕೊನೆಯವರೆಗೆ, ಎರಡೂ ಬದಿಗೆ ಎಲೆ ಹಾಕಿತ್ತು. ಮೇಲಿನೂರಿನ ಒಬ್ಬೊಬ್ಬರಿಗೂ ಒಂದೊಂದು ಎಲೆ. ಎಲೆಯ ಮೇಲೆ ನೀರು ಚಿಮುಕಿಸಿತ್ತು. ಎಲೆಗಳ ಮುಂದೆ ಯಾರೂ ಇರಲಿಲ್ಲ.

ಸಹಾಯಮ್ಮ ಜಪಮನೆಯಿಂದ ಹೊರಗೆ ಬಂದಳು. ಹಣ್ಣು, ಎಲೆ ಅಡಿಕೆ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಉಳಿದವರು ಎಲ್ಲಿ ಎಂದು ಕೇಳಿದಳು. ಮದಲೇನಮ್ಮ ತಲೆ ತಗ್ಗಿಸಿ, ಬರಲಿಲ್ಲ ಎಂದಳು.

“ಆಗಲೂ ಬರಲಿಲ್ಲ,” ಎಂದಳು ಸಹಾಯಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನು ಕೇಳಿ ಮದಲೇನಮ್ಮನಿಗೆ ಸಿಟ್ಟಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮದಲೇನಮ್ಮ ಒಂದು ಎಲೆಯ ಮುಂದೆ ಕೂತಳು. ಆಗ ಒಳಗಿನಿಂದ ಬೇರೆಯವರೂ ಬಂದರು. ಮುದುಕರು, ಹೆಂಗಸರು, ಕಂಕುಳಲ್ಲಿ ಕೂಸಿದ್ದವರು. ಸಾಧಾರಣ ಜನ. ಅವರ ಹೆಜ್ಜೆಯ ಸಪ್ಪಳ ಮಾತ್ರ ಕೇಳಿಸಲಿಲ್ಲ. ಅವರು ಅವಳ ಎದುರಿನ ಸಾಲಿನಲ್ಲಿ ಕೂತು ಉಣ್ಣುವ ಮೊದಲಿನ ಪ್ರಾರ್ಥನೆ ಹೇಳಿದರು. ಮೇಲಿನೂರಿನಲ್ಲಿ ಹೇಳುವ ಪ್ರಾರ್ಥನೆಯೇ ಅದು. ಆದರೆ ಕೊನೆಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: ಬಾರದವರ ಪಾಲನ್ನೂ ಕಾಯು ತಂದೆಯೇ. ಆ ಸಾಲನ್ನು ಮದಲೇನಮ್ಮ ಎಂದೂ ಕೇಳಿರಲಿಲ್ಲ. ಮೇಲಿನೂರಿನವರು ಅದನ್ನು ಯಾವಾಗ ಬಿಟ್ಟರು ಎಂದು ಅವಳಿಗೆ ಅರ್ಥವಾಯಿತು.

ಸಹಾಯಮ್ಮ ಅನ್ನ ಬಡಿಸಿ ಹುರುಳಿ ಸಾರು ಬಿಟ್ಟಳು. ಸುತ್ತ ಎಲ್ಲಿಯೂ ಒಲೆ ಉರಿಯುತ್ತಿರಲಿಲ್ಲ. ಎದುರಿನ ಸಾಲಿನವರು ಯಾರೂ ತುತ್ತೆತ್ತಿರಲಿಲ್ಲ. ಅತಿಥಿ ಮೊದಲು ಉಣ್ಣಲಿ ಎಂದು ಕಾಯುತ್ತಿದ್ದರು. ಮದಲೇನಮ್ಮ ಗಂಡನನ್ನು ನೆನೆದಳು. ಶಿಲುಬೆಯ ಗುರುತು ಹಾಕಿಕೊಂಡು ತುತ್ತನ್ನು ಬಾಯಿಗಿಟ್ಟಳು.

ಉಪ್ಪು ಖಾರ ಸರಿಯಾಗಿತ್ತು. ಗಂಟಲಲ್ಲಿ ಇಳಿಯುವಾಗ ಮಾತ್ರ ಅನ್ನ ಬಾವಿಯ ತಳದ ನೀರಿನಂತೆ ತಣ್ಣಗಿತ್ತು. ಆ ತಂಪು ಎದೆಗೆ ಇಳಿದು ಕೈಗಳಿಗೆ ಹರಿಯಿತು. ಅವಳು ಎಲೆ ಖಾಲಿ ಮಾಡಿದಳು. ಎದ್ದುಬಿಡಬೇಕು ಅನ್ನಿಸುತ್ತಿತ್ತು. ಆದರೆ ಬಡಿಸುವವರ ಮನಸ್ಸು ಅವಳಿಗೆ ಗೊತ್ತಿತ್ತು. ಅನ್ನದ ಪಾತ್ರೆ ಹಿಡಿದು ನಿಂತವರಿಗೆ ಯಾವ ಮಾತು ಬೇಕು ಎಂದು ಅವಳಿಗೆ ಗೊತ್ತಿತ್ತು.

“ಇನ್ನೊಂದು ಸ್ವಲ್ಪ ಹಾಕಿ ಅಕ್ಕ,” ಎಂದಳು.

ಸಹಾಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಬಡಿಸಿದಳು. ಎದುರಿನ ಸಾಲಿನವರೆಲ್ಲ ಆಗ ಉಣ್ಣತೊಡಗಿದರು.

ಮದಲೇನಮ್ಮ ಹೊತ್ತಿಳಿಯುವ ಮೊದಲೇ ತಿರುಗಿ ಬಂದಳು. ಚೌರಪ್ಪ ಕೂತ ಕಲ್ಲಿನಿಂದ ಎದ್ದಿರಲಿಲ್ಲ. ಆಚೆಯಿಂದ ಒಂದು ಸದ್ದೂ ಕೇಳಲಿಲ್ಲ, ಆದರೆ ಹುರುಳಿ ಸಾರಿನ ವಾಸನೆ ಬಂತು ಎಂದು ಹೇಳಿದ. ಅವಳ ಕೈ ಹಿಡಿದ. ಅದು ತಣ್ಣಗಿತ್ತು. ಅವನು ಬಿಡಲಿಲ್ಲ.

ಅವಳು ಕಂಡದ್ದನ್ನು ಕಂಡಂತೆ ಊರಿನವರಿಗೆ ಹೇಳಿದಳು. ಬೀದಿಯುದ್ದಕ್ಕೂ ಹಾಕಿದ್ದ ಎಲೆಗಳನ್ನು ಹೇಳಿದಳು. ಪ್ರಾರ್ಥನೆಯ ಕೊನೆಯ ಸಾಲನ್ನು ಹೇಳಿದಳು. ಆ ಸಾಲು ಕೇಳಿ ಮುದುಕರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮುಂದಿನ ಭಾನುವಾರ ಚೌರಪ್ಪ ಹೆಂಡತಿಯೊಂದಿಗೆ ಹೊರಟ. ರಾಯಪ್ಪ ಗುದ್ದಲಿಯನ್ನು ಊರುಗೋಲಾಗಿ ಹಿಡಿದು ಅವರ ಹಿಂದೆ ಬಂದ. ಅವನು ಹೊರಟದ್ದನ್ನು ನೋಡಿ ಇನ್ನು ಕೆಲವರು ಬಂದರು. ಬಾಗಿಲು ಹಾಕಿಕೊಂಡು ಒಳಗೇ ಉಳಿದವರೂ ಇದ್ದರು.

ಕೆಳಗಿನೂರಿನಲ್ಲಿ ಎಲೆಗಳಿರಲಿಲ್ಲ, ಪಾತ್ರೆಗಳಿರಲಿಲ್ಲ. ಬೀದಿಯಲ್ಲಿ ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು. ಅದು ಒಂದು ವಾರದ ಹುಲ್ಲಲ್ಲ. ಜಪಮನೆಯ ಬಾಗಿಲು ತಳ್ಳಿದರು. ಒಳಗೆ ಮೂಳೆಗಳಿದ್ದವು. ಮನೆ ಮನೆಯಲ್ಲಿ ಚೆದುರಿರಲಿಲ್ಲ. ಕೊನೆಗೆ ಉಳಿದವರೆಲ್ಲ ಅಲ್ಲಿಗೇ ಬಂದು, ಎರಡು ಸಾಲಾಗಿ ಎದುರುಬದುರು ಕೂತಿದ್ದರು. ಪಂಕ್ತಿಯಲ್ಲಿ ಕೂರುವ ಹಾಗೆ. ನಡುವೆ ಒಂದು ಅನ್ನದ ಪಾತ್ರೆ ಬೋರಲಾಗಿ ಬಿದ್ದಿತ್ತು.

ರಾಯಪ್ಪ ಹೊರಗೆ ಹೋಗಿ ಗುದ್ದಲಿಯಿಂದ ನೆಲ ಅಗೆಯತೊಡಗಿದ. ಬಿಡಿ ಯಜಮಾನರೇ ಎಂದು ಗುದ್ದಲಿಗೆ ಕೈ ಹಾಕಿದವನನ್ನು ದೂಡಿದ. ಕೈಯ ಚರ್ಮ ಸುಲಿದರೂ ನಿಲ್ಲಿಸಲಿಲ್ಲ. ಆಮೇಲೆ ಉಳಿದವರೂ ಅಗೆದರು. ಎಲ್ಲರನ್ನೂ ಮಣ್ಣು ಮಾಡಿ ಶಿಲುಬೆ ನೆಟ್ಟರು. ಹೊತ್ತು ಮುಳುಗುವ ಮೊದಲು ಅಲ್ಲಿಯೇ ಒಲೆ ಹೂಡಿ ಅನ್ನ ಬೇಯಿಸಿದರು. ಪ್ರಾರ್ಥನೆಯ ಕೊನೆಯ ಸಾಲನ್ನು ರಾಯಪ್ಪನೇ ಹೇಳಿಕೊಟ್ಟ. ಅವನು ಅದನ್ನು ಮರೆತಿರಲಿಲ್ಲ.

ಮದಲೇನಮ್ಮ ಬಹಳ ಕಾಲ ಬದುಕಿದಳು. ಬಾಗಿಲು ಹಾಕಿಕೊಂಡವರ ಮನೆಗೂ ಹೋಗಿ, ಕರೆಯದಿದ್ದರೂ ನೀರು ಕೇಳಿ ಕುಡಿದು ಬರುತ್ತಿದ್ದಳು. ಅವಳ ಕೈಗಳು ಮಾತ್ರ ಮತ್ತೆ ಬೆಚ್ಚಗಾಗಲಿಲ್ಲ. ಒಲೆಯ ಮುಂದೆ ಕೂತರೂ ತಣ್ಣಗೇ ಇರುತ್ತಿದ್ದವು. ಅದನ್ನು ಅವಳು ಯಾರ ಮುಂದೆಯೂ ದೂರಿಕೊಳ್ಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರಿದಾಸ ತಗ್ಗಿದ ದನಿಯಲ್ಲಿ ಕೇಳಿದ:

“ಗುರುಗಳೇ, ಅವಳಿಗೆ ಅಂದು ಬಡಿಸಿದವರು ಬದುಕಿದ್ದವರೋ, ಸತ್ತವರೋ?”

ಇನ್ನಾಸಯ್ಯನವರು ಅವನ ಮುಖವನ್ನೇ ನೋಡಿದರು.

“ಅದನ್ನು ವಿಚಾರಿಸಲು ಆಕೆ ಹೋಗಿರಲಿಲ್ಲ ಮಗು, ಊಟಕ್ಕೆ ಹೋಗಿದ್ದಳು.”