ಆರು ಪೆಟ್ಟಿಗೆಯ ಹಾಡು

ಮಲಪ್ರಭೆಯ ದಂಡೆಯಲ್ಲಿ ಹಾಡು ಕಲಿಸುವ ಒಂದು ಸಣ್ಣ ಮಠ. ಅಲ್ಲಿಯ ಗುರುಗಳಾದ ರುದ್ರಮುನಿ ಅಜ್ಜಾರದು ಮಾತು ಕಡಿಮೆ. ಶಿಷ್ಯ ಮಡಿವಾಳಯ್ಯನಿಗೆ ಪ್ರಶ್ನೆಗಳು ಜಾಸ್ತಿ.

ಅಜ್ಜಾರಿಗೂ ಗುರುಗಳಾಗಿದ್ದವರನ್ನು ಮಠದಲ್ಲಿ ಎಲ್ಲರೂ ದೊಡ್ಡಜ್ಜಾರು ಎನ್ನುತ್ತಿದ್ದರು. ಅವರ ಪುಣ್ಯತಿಥಿಗೆ ಇನ್ನು ಎರಡೇ ದಿನ ಉಳಿದಿತ್ತು. ಆ ದಿನದ ಮೊದಲ ಹಾಡು ತನ್ನದಾಗಬೇಕೆಂದು ಮಡಿವಾಳಯ್ಯ ಎರಡು ವರ್ಷ ಕಾದಿದ್ದ. ಎರಡು ವರ್ಷವೂ ಅಜ್ಜಾರು, ಈ ಸಲ ಬೇಡ ಅಂದಿದ್ದರು.

ಅವನ ಷಡ್ಜ, ಅಂದರೆ ಸಾ, ಒಂದೆಡೆ ನಿಲ್ಲುತ್ತಿರಲಿಲ್ಲ. ಬಲಗಡೆಯ ತಂಬೂರಿ ಜೋರಾದರೆ ಬಲಕ್ಕೆ ವಾಲುತ್ತಿದ್ದ, ಎಡಗಡೆಯದು ಜೋರಾದರೆ ಎಡಕ್ಕೆ.

"ದೊಡ್ಡಜ್ಜಾರ ಸಿಡಿ ಕೇಳು," ಎಂದರು ಅಜ್ಜಾರು. "ಅವರ ಸಾ ಎಲ್ಲಿಂದ ಬರ್ತೈತಿ ನೋಡಿ ಬಂದು ಹೇಳು. ಹಾಡೋ ಮಾತು ಆಮ್ಯಾಲ."

ಭಕ್ತರೊಬ್ಬರು ಮನೆಯಲ್ಲಿ ಸಿನಿಮಾ ನೋಡಲೆಂದು ತಂದಿದ್ದ ರಿಸೀವರನ್ನು ಅದರ ಆರು ಸ್ಪೀಕರ್ ಪೆಟ್ಟಿಗೆಗಳ ಸಮೇತ ಮಠಕ್ಕೆ ಕೊಟ್ಟಿದ್ದರು. ಮಡಿವಾಳಯ್ಯ ಎಲ್ಲವನ್ನೂ ಪಡಸಾಲೆಯ ಸುತ್ತ ಹೂಡಿದ. ಮುಂದೆ ಮೂರು, ಹಿಂದೆ ಎರಡು, ಮೂಲೆಯಲ್ಲಿ ಧಡಧಡ ಎನ್ನುವ ದೊಡ್ಡದೊಂದು. ಆರರಲ್ಲಿ ಒಂದು ಸುಮ್ಮನಿದ್ದರೂ ದೊಡ್ಡಜ್ಜಾರಿಗೆ ಅಪಚಾರ ಎಂದು ಅವನ ನಂಬಿಕೆ.

ರಿಮೋಟಿನ ಒಂದು ಗುಂಡಿ ಒತ್ತಿದರೆ ದೊಡ್ಡಜ್ಜಾರು ಸ್ಟೇಡಿಯಮ್ಮಿನಲ್ಲಿ ಹಾಡಿದರು. ಇನ್ನೊಂದು ಒತ್ತಿದರೆ ಸಿನಿಮಾ ಥಿಯೇಟರಿನಲ್ಲಿ. ಮತ್ತೊಂದಕ್ಕೆ ಅವರ ದನಿ ಬೆನ್ನ ಹಿಂದಿನಿಂದ ಬಂತು. ಅವನು ಬೆಚ್ಚಿ, ತಿರುಗಿ ನಮಸ್ಕಾರ ಮಾಡಿದ. ತಂಬೂರಿಯಂತೂ ಎಲ್ಲ ಮೂಲೆಯಲ್ಲೂ ಜೇನುಹುಳದಂತೆ ಗುಂಯ್‌ಗುಟ್ಟಿತು. ಸಾ ಎಲ್ಲಿಂದ ಬರುತ್ತಿದೆಯೋ ತಲೆಬುಡ ತಿಳಿಯಲಿಲ್ಲ. ಮಂಗನ ಕೈಗೆ ಮಾಣಿಕ್ಯ ಎಂಬ ಮಾತು ತಾನಾಗಿಯೇ ನೆನಪಾಗಿ ಅವನಿಗೆ ನಾಚಿಕೆಯಾಯಿತು.

ಮಠದಲ್ಲಿ ಅಡುಗೆ ಮಾಡುವವಳೂ ತಂಬೂರಿ ಮೀಟುವವಳೂ ಕಲ್ಲವ್ವನೇ. ಅವಳು ಬಾಗಿಲಲ್ಲಿ ಇಣುಕಿ, ಒಳಗೆ ಎಷ್ಟು ಮಂದಿ ಹಾಡುತ್ತಿದ್ದಾರೆ, ಅನ್ನಕ್ಕೆ ಎಷ್ಟು ಅಕ್ಕಿ ಇಡಲಿ ಎಂದು ಕೇಳಿ ಹೋದಳು.

ಮರುದಿನ ಬೆಳಿಗ್ಗೆ ಅಜ್ಜಾರ ಮುಂದೆ ಅವನು ಅಳುವುದೊಂದು ಬಾಕಿ. ಹದಿನಾಲ್ಕು ಬಗೆಯ ದನಿ ಇವೆ, ಒಂದೊಂದರಲ್ಲಿ ದೊಡ್ಡಜ್ಜಾರು ಒಂದೊಂದು ಕಡೆ ಇದ್ದಾರೆ, ಇದರಲ್ಲಿ ಖರೆ ಯಾವುದು ಎಂದು ಕೇಳಿದ.

"ಸಿಡಿ ಮಾಡಿದಾಗ ಅವರು ಎಲ್ಲಿ ಕುಂತು ಹಾಡಿದ್ರು?"

"ಇದ ಪಡಸಾಲ್ಯಾಗ್ರಿ."

"ಮತ್ತ ನೀ ಯಾಕ ಅವರನ್ನ ಊರೆಲ್ಲ ತಿರುಗಿಸಾಕತ್ತಿ?"

ಮಡಿವಾಳಯ್ಯ ಹುಡುಕಿ ಹುಡುಕಿ ಸ್ಟೀರಿಯೊ ಎಂಬ ಗುಂಡಿ ಒತ್ತಿದ. ನಡುವಿನ ಪೆಟ್ಟಿಗೆ, ಹಿಂದಿನ ಎರಡು, ಎಲ್ಲವೂ ಸುಮ್ಮನಾದವು. ಮೂಲೆಯದರ ವೈರನ್ನು ಅಜ್ಜಾರೇ ಕಿತ್ತರು. ನಡುವಿನದನ್ನು ಕಲ್ಲವ್ವ ಎತ್ತಿಕೊಂಡು ಹೊರಗೆ ಒಯ್ದಳು. ಎಡಕ್ಕೊಂದು, ಬಲಕ್ಕೊಂದು ಉಳಿಯಿತು. ಇಷ್ಟೇನಾ ಎಂದು ಅವನಿಗೆ ಕೆಡುಕೆನಿಸಿತು.

ಅಜ್ಜಾರು ಬೆತ್ತದಿಂದ ಅಳೆದರು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಮೂರು ಬೆತ್ತ. ಎರಡರಿಂದಲೂ ಮೂರು ಮೂರು ಬೆತ್ತ ದೂರದಲ್ಲಿ ಚಾಪೆ ಹಾಸಿ, ಕುಂಡ್ರು ಎಂದು ಸನ್ನೆ ಮಾಡಿದರು.

ಮಡಿವಾಳಯ್ಯ ಕೂತ. ಎಡಕ್ಕೆ ಒಂದು ತಂಬೂರಿ ಕೇಳಿಸಿತು, ಬಲಕ್ಕೆ ಇನ್ನೊಂದು. ಅವೆರಡರ ನಡುವೆ ದೊಡ್ಡಜ್ಜಾರು ಉಸಿರೆಳೆದುಕೊಂಡದ್ದೂ ಕೇಳಿಸಿತು. ಆಮೇಲೆ ಸಾ ಬಂತು. ಅವನ ಕಣ್ಣು ತುಂಬಿತು.

"ಎಲ್ಲಿಂದ ಬಂತು?"

"ನಡುವಿನಿಂದ್ರಿ. ಆದ್ರ ಅಲ್ಲಿ ಪೆಟ್ಟಿಗೀನ ಇಲ್ರಿ."

"ಹೋಗಿ ನೋಡು."

ಅವನು ಎದ್ದು ಹೋದ. ಎಡಕ್ಕೆ ಸರಿದರೆ ದನಿ ಎಡದ ಪೆಟ್ಟಿಗೆ ಹೊಕ್ಕಿತು, ಬಲಕ್ಕೆ ಸರಿದರೆ ಬಲದ್ದನ್ನು. ನಡುವಿನ ಗೋಡೆಯನ್ನು ತಡವಿ ನೋಡಿದ. ಕೈಗೆ ಸುಣ್ಣ ಹತ್ತಿತು, ಅಷ್ಟೆ. ಚಾಪೆಗೆ ಮರಳಿದರೆ ದೊಡ್ಡಜ್ಜಾರು ಮತ್ತೆ ಅಲ್ಲೇ ಕೂತು ಹಾಡುತ್ತಿದ್ದರು. ಅವನ ಗೊಂದಲ ಮೊದಲಿಗಿಂತ ಹೆಚ್ಚಾಯಿತು.

"ಅಲ್ಲಿ ಯಾರೂ ಇಲ್ರೀ, ಅಜ್ಜಾರ."

ಅಜ್ಜಾರು ಹೌದೆಂದು ತಲೆಯಾಡಿಸಿ ಸಿಡಿ ನಿಲ್ಲಿಸಿದರು. ಕಲ್ಲವ್ವನನ್ನು ಕರೆದರು. ಎಡದ ಪೆಟ್ಟಿಗೆಯ ಮುಂದೆ ಅವಳು ಒಂದು ತಂಬೂರಿ ಹಿಡಿದು ಕೂತಳು, ಬಲದ್ದರ ಮುಂದೆ ಇನ್ನೊಂದನ್ನು ಹಿಡಿದು ಅಜ್ಜಾರು ಕೂತರು. ಇಬ್ಬರೂ ಮೀಟತೊಡಗಿದರು.

ಮಡಿವಾಳಯ್ಯ ನಿಂತೇ ಇದ್ದ. ಪುಣ್ಯತಿಥಿ ನಾಳೆ. ಗುರುಗಳ ಮಗ್ಗುಲಲ್ಲಿ ಕೂತರೆ ಕಲ್ಲವ್ವನ ತಂತಿ ಕೇಳುವುದಿಲ್ಲ, ಕಲ್ಲವ್ವನ ಮಗ್ಗುಲಲ್ಲಿ ಕೂತರೆ ಗುರುಗಳದು ಕೇಳುವುದಿಲ್ಲ. ಈ ಸಲವೂ ಮೊದಲ ಹಾಡು ತಪ್ಪೀತೆಂದು ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ ಇಟ್ಟ.

"ನಾ ಯಾರ ಕಡೆ ಕುಂಡ್ರಲ್ರೀ, ಅಜ್ಜಾರ?"

ಅಜ್ಜಾರು ತಂತಿಯಿಂದ ಕಣ್ಣೆತ್ತಲಿಲ್ಲ.

"ಅಲ್ಲಿ ಯಾರೂ ಇಲ್ಲ ಅಂದ್ಯಲ್ಲ. ಅಲ್ಲೇ ಕುಂಡ್ರು."