ಸುಣ್ಣ ಮೆತ್ತಿದ ಕಿಟಕಿ

"ಕೇಳ್ರಪ್ಪೋ ಕೇಳಿ! ಧವಳಸೇನ ಮಹಾರಾಜರ ಮಗಳು ಮಂದಾಕಿನಿಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನೇ ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ! ತಪ್ಪಿದವನಿಗೆ ತಲೆದಂಡ!"

ಹೀಗೆ ಸಾರುವಾಗ ಕುರಿ ಕಾಯುವ ಕರಿಬಸವ ಹೊಳೆಯಾಚೆ ಇದ್ದ. ಡಂಗುರದ ಸದ್ದಷ್ಟೇ ಕೇಳಿಸಿತು. ಡಂಗುರ ಹೊಡೆದರೆ ಅರಮನೆಯಲ್ಲಿ ಊಟ ಇರಲೇಬೇಕು ಅಂದುಕೊಂಡ. ಪುಣ್ಯಾತ್ಮ ಹಸಿದಿದ್ದ ಬೇರೆ! ಓಡಿಬಂದು ನೋಡಿದರೆ ಅಂಗಳದ ತುಂಬ ಜನ, ಮುಂದೆ ಮೂವರು ಸಾಲಾಗಿ ಚಕ್ಕಂಬಕ್ಕಳ ಹಾಕಿ ಕೂತಿದ್ದಾರೆ. ತಾನೂ ಕೊನೆಯಲ್ಲಿ ಕೂತು, ಎಲೆ ಹಾಕಲಿ ಅಂತ ಹೆಗಲ ಚೌಕದಿಂದ ಮುಂದಿನ ನೆಲವನ್ನೂ ಒರೆಸಿಟ್ಟ. ಎಲೆ ಬರಲಿಲ್ಲ, ಕತ್ತಿ ಹಿಡಿದ ತಳವಾರ ಬಂದ.

"ಯಾವಾಗ ಬಡಿಸ್ತೀರಣ್ಣ?"

"ಬಡಿಸೋದಾ? ಇದು ವರರ ಸಾಲು ಕಣೋ! ಕೂತಮೇಲೆ ಉತ್ತರ ಹೇಳಲೇಬೇಕು. ಎದ್ದರೂ ತಲೆ ಹೋಗುತ್ತೆ."

ಕರಿಬಸವನ ಹಸಿವೆಲ್ಲ ಇಂಗಿಹೋಯಿತು.

ರಾಜಕುಮಾರಿ ಕಾಣಲಿಲ್ಲ. ಮುಚ್ಚಿದ ಕಿಟಕಿಯ ಹಿಂದಿನಿಂದ ಅವಳ ಕೂಗು ಮಾತ್ರ ಬಂತು. "ಆಕಾಶ ಅತ್ತರೆ ಕುಡಿಯುತ್ತೆ, ಹೊಟ್ಟೆಯಿಲ್ಲ. ಹಲ್ಲಿಲ್ಲದ ಬಾಯಲ್ಲಿ ಉಗುಳುತ್ತೆ. ಏನದು?"

"ಅಗಸ್ತ್ಯ ಮಹರ್ಷಿ!" ಅಂದ ಆಸ್ಥಾನ ಪಂಡಿತರ ಮಗ.

"ತಪ್ಪು!"

"ಚಾತಕ ಪಕ್ಷಿ!" ಅಂದ ಪಕ್ಕದ ರಾಜ್ಯದ ಯುವರಾಜ.

"ತಪ್ಪು!"

"ಹಲ್ಲಿಲ್ಲ ಅಂದಮೇಲೆ ನಮ್ಮಜ್ಜಿಯೇ ಇರಬೇಕು," ಅಂದ ಸೇನಾಪತಿಯ ತಮ್ಮ. ಅದೂ ತಪ್ಪು. ಮೂವರನ್ನೂ ದನದ ಕೊಟ್ಟಿಗೆಗೆ ದೂಡಿದರು. ತಲೆ ಕಡಿಯಲು ಪುರೋಹಿತರು ಇನ್ನೂ ಮುಹೂರ್ತ ಇಟ್ಟಿರಲಿಲ್ಲ.

ಈಗ ಕರಿಬಸವನ ಸರದಿ. "ಶಿವನೇ!" ಅಂತ ಮುಖ ಮೇಲೆತ್ತಿದ. ಸೂರಿನಂಚಿನಲ್ಲಿ ನೀರು ಹರಿಯಲು ಕಟ್ಟಿದ್ದ ದೋಣಿಯಿಂದ ಒಂದು ಕಪ್ಪು ಹನಿ ಟಪ್ಪಂತ ಮೂಗಿನ ಮೇಲೆ ಬಿತ್ತು. ಮಳೆನೀರು ಹಿಡಿಯಲೆಂದು ರಾಜ ಹಡಗಿನಲ್ಲಿ ತರಿಸಿದ್ದ ಬಿಳಿ ಪ್ಲಾಸ್ಟಿಕ್ ದೋಣಿ ಅದು. ಈಗ ಅದರ ತುಂಬ ಪಾಚಿ, ಕೊಳೆತ ಎಲೆ.

"ಥೂ! ಈ ದರಿದ್ರ ದೋಣಿ!"

"ಸರಿ ಉತ್ತರ!" ಎಂಬ ಕೂಗು ಬಂತು. ಕರಿಬಸವನೇ ಬೆಚ್ಚಿಬಿದ್ದ.

"ನಾಲ್ವರು ಅಣ್ಣತಮ್ಮಂದಿರು ಕೈ ಬಿಡದೆ ನಿಂತಿದ್ದಾರೆ. ಅವರ ನಡುವೆ ಊರೆಲ್ಲ ಕಾಣಬೇಕು, ನನಗೆ ಮಾತ್ರ ಏನೂ ಕಾಣದು. ಯಾರವರು?"

ದನಿ ಎಲ್ಲಿಂದ ಅಂತ ಹುಡುಕಿದವನಿಗೆ ಸುಣ್ಣದ ಹಕ್ಕಳೆ, ಧೂಳು ಮೆತ್ತಿದ ನಾಲ್ಕು ಪ್ಲಾಸ್ಟಿಕ್ ಪಟ್ಟಿ ಕಂಡವು. "ಕಿಟಕಿಯ ಚೌಕಟ್ಟಾ ತಾಯಿ?"

"ಹೌದು! ಕಡೆಯದು. ಇನ್ನೊಬ್ಬರನ್ನು ಬಿಳಿ ಮಾಡಿ ತಾನು ಕೊಳೆಯಾಗುವುದು ಯಾವುದು?"

ದೀಪವೇ? ಚಂದ್ರನೇ? ತಳವಾರ ಕತ್ತಿ ಎತ್ತಿದ. ಕರಿಬಸವ ಬೆವೆತು ಹೋಗಿ ಚೌಕದಿಂದ ಮೂಗು ಒರೆಸಿಕೊಂಡ. ಮೂಗು ಚೊಕ್ಕಟವಾಯಿತು, ಚೌಕ ಕಪ್ಪಾಯಿತು.

"ಒರೆಸೋ ಬಟ್ಟೆ!" ಅಂತ ಅರಚಿದ. ಅದೂ ಸರಿಯಾಯಿತು.

ಧವಳಸೇನ ಎದ್ದು ನಿಂತ. "ಇದೆಂಥ ಒಗಟು ಮಗಳೇ? ದೋಣಿ, ಚೌಕಟ್ಟು, ಮಸಿಬಟ್ಟೆ!"

"ಅಪ್ಪಾ, ಹಬ್ಬ ಬಂದರೆ ಗೋಡೆಯ ಜೊತೆ ಇವಕ್ಕೂ ಸುಣ್ಣ ಬಳಿಸ್ತೀರಿ. ಪ್ಲಾಸ್ಟಿಕ್ಕಿಗೆ ಸುಣ್ಣ ಹಿಡಿಯುತ್ತಾ? ಚಕ್ಕೆ ಎದ್ದ ಕಡೆಯೆಲ್ಲ ಕೊಳೆ ಕೂರುತ್ತೆ, ಅದರ ಮೇಲೆ ಮತ್ತೆ ಸುಣ್ಣ. ನನ್ನ ಕಿಟಕಿ ತೆಗೆಯೋಕೇ ಬರ್ತಿಲ್ಲ. ಗಾಳಿಯಿಲ್ಲ, ಬೆಳಕಿಲ್ಲ. ಒರೆಸಿಸಿ ಅಂದರೆ ಸುಣ್ಣ ಬಳಿಯೋದು ವಂಶದ ಪದ್ಧತಿ ಅಂದಿರಿ. ಒಗಟು ಅಂದಾಗ ಊರೇ ಓಡಿಬಂತು!"

ರಾಜ ಮೀಸೆ ತಿರುವುವುದನ್ನು ಬಿಟ್ಟು ಏಣಿ ತರಿಸಿದ.

ಕರಿಬಸವ ಏಣಿ ಹತ್ತಿ, ಅಂಟುವಾಳದ ನೊರೆ ಹಚ್ಚಿ, ಚೌಕವೆಲ್ಲ ಹಾಳಾಗುವವರೆಗೆ ಉಜ್ಜಿದ. ಕಿಟಕಿ ಕಿರ್ರೆಂದು ತೆರೆಯಿತು. ಮಂದಾಕಿನಿ ಎದೆ ತುಂಬ ಉಸಿರೆಳೆದುಕೊಂಡು, ಏಣಿಯ ಮೇಲಿದ್ದವನನ್ನು ನೋಡಿ ನಕ್ಕುಬಿಟ್ಟಳು. ಅವನಿಗೂ ನಗು ತಡೆಯಲಾಗಲಿಲ್ಲ.

"ಮದುವೆ, ಅರ್ಧ ರಾಜ್ಯ ಹೇಗೂ ನಿನ್ನವೇ. ಇನ್ನೇನು ಬೇಕು?" ಅಂದ ರಾಜ.

"ಮೊದಲು ಊಟ ಬುದ್ಧಿ. ಆಮೇಲೆ ಕೊಟ್ಟಿಗೆಯಲ್ಲಿರೋರ ತಲೆ ಉಳಿಸಿ."

"ಯಾಕೋ?"

"ದೋಣಿಗಳು ಬೇಕಾದಷ್ಟಿವೆ. ಒರೆಸೋಕೆ ಕೈ ಬೇಡ್ವಾ?"

ಮದುವೆಯ ದಿನ ಮೂವರೂ ಬಟ್ಟೆ ಹಿಡಿದು ಏಣಿಯ ಮೇಲಿದ್ದರು. ಅಗಸ್ತ್ಯ ಅಂದವನ ತಲೆಯ ಮೇಲೆ ದೋಣಿ ತನ್ನ ಕೊಳೆಯನ್ನೆಲ್ಲ ಉಗುಳಿತು. ಅಂಗಳದಲ್ಲಿ ಜನ ಸಾಲಾಗಿ ಕೂತಿದ್ದರು. ಮಂದಾಕಿನಿ ಪಕ್ಕದಲ್ಲಿ ಜಾಗ ತೋರಿಸಿದಳು.

ಕರಿಬಸವ ಕೂರಲಿಲ್ಲ. ತಳವಾರನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದ, "ಅಣ್ಣಾ, ಇದು ಊಟದ ಪಂಕ್ತಿ ತಾನೆ?"