ತಾಂಡೇಲನ ಬಾವಿ ನೀರು

“ಗುರುಗಳೇ, ಒಂದು ಕೀರ್ತನೆಯ ಚರಣವನ್ನು ಆರು ತಿಂಗಳಿನಿಂದ ಮಕ್ಕಳಿಗೆ ತಪ್ಪಾಗಿ ಕಲಿಸುತ್ತಿದ್ದೇನೆ. ನಿನ್ನೆಯಷ್ಟೇ ಗೊತ್ತಾಯಿತು. ಸದ್ದಿಲ್ಲದೆ ತಿದ್ದಿಬಿಡಲೇ? ತಪ್ಪು ನನ್ನದೇ ಎಂದು ಹೇಳಿದರೆ ಅವರೆದುರು ನನ್ನ ಮರ್ಯಾದೆ ಹೋಗುತ್ತದೆ” ಎಂದು ಶಿಷ್ಯ ಕೇಳಿದ.

ಗುರು ತಂಬೂರಿಯನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಕಡಲ ತೀರದಲ್ಲಿ ಒಬ್ಬ ತಾಂಡೇಲನಿದ್ದ. ತಾಂಡೇಲ ಎಂದರೆ ಮೀನುದೋಣಿಯನ್ನು ನಡೆಸುವವನು. ಅವನಷ್ಟು ಕಡಲನ್ನು ಬಲ್ಲವರು ಆ ತೀರದಲ್ಲಿ ಇರಲಿಲ್ಲ. ಅದು ಅವನಿಗೂ ಚೆನ್ನಾಗಿಯೇ ಗೊತ್ತಿತ್ತು. ನೀರಿನಡಿಯಲ್ಲಿ ಎಲ್ಲೆಲ್ಲಿ ಬಂಡೆಗಳಿವೆ, ಎಲ್ಲಿ ಬಲೆ ಬಿಟ್ಟರೆ ಸಿಕ್ಕಿ ಹರಿಯುತ್ತದೆ ಎಂಬುದನ್ನೆಲ್ಲ ಎಂಟು ವರ್ಷದಿಂದ ತನ್ನ ಮೊಬೈಲಿನಲ್ಲಿ ಗುರುತು ಹಾಕಿಟ್ಟಿದ್ದ. ದೋಣಿಯ ಏಳು ಮಂದಿ ಆ ಗುರುತುಗಳನ್ನೇ ನಂಬಿ ಬಲೆ ಬಿಡುತ್ತಿದ್ದರು. ದೋಣಿಯ ಅಂಚಿನಲ್ಲಿ ಯಾರೂ ಫೋನ್ ಹಿಡಿಯಕೂಡದು ಎಂದು ಅವನದೇ ಕಟ್ಟಪ್ಪಣೆ.

ಒಂದು ದಿನ ದೋಣಿಯ ಅಂಚಿನಿಂದ ದಡಕ್ಕೆ ಇಳಿಯುವಾಗ ಅವನ ಫೋನೇ ಕೈಜಾರಿ ಸಮುದ್ರಕ್ಕೆ ಬಿತ್ತು. ಮೊಣಕಾಲುದ್ದದ ನೀರು. ಎತ್ತಿಕೊಂಡ. ಯಾರೂ ನೋಡಿರಲಿಲ್ಲ. ಒಣಗಿಸುವ ವಿದ್ಯೆಯನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮನೆಯಂಗಳದಲ್ಲಿ ಉಪ್ಪು ಹಚ್ಚಿ ಹರವಿದ್ದ ಮೀನಿನ ಸಾಲಿನಲ್ಲೇ ಫೋನನ್ನೂ ಬಿಸಿಲಿಗಿಟ್ಟ. ಮೀನು ಚೆನ್ನಾಗಿ ಒಣಗಿತು. ಫೋನ್ ಮಾತ್ರ ಆನ್ ಆಗಲಿಲ್ಲ.

ಪೇಟೆಯಲ್ಲಿ ಫೋನ್ ರಿಪೇರಿ ಮಾಡುವ ಒಬ್ಬ ಹೆಂಗಸಿದ್ದಳು. ತನ್ನ ಕೆಲಸದ ಬಗ್ಗೆ ಅವಳಿಗೂ ಹೆಮ್ಮೆ ಕಡಿಮೆ ಇರಲಿಲ್ಲ. ಯಾವ ನೀರಿಗೆ ಬಿತ್ತು ಎಂದು ಕೇಳಿದಳು. ಅಂಗಡಿಯ ಬೆಂಚಿನ ಮೇಲೆ ಅವನ ದೋಣಿಯವರೇ ಇಬ್ಬರು ಕೂತಿದ್ದರು. ತಾಂಡೇಲ ಬಾವಿ ನೀರು ಎಂದುಬಿಟ್ಟ.

ಅವಳು ಫೋನನ್ನು ಬಿಚ್ಚಿದಳು. ಒಳಗೆಲ್ಲ ಬಿಳಿ ಪುಡಿ ಕಟ್ಟಿತ್ತು. ಬೆರಳ ತುದಿಗೆ ಹಚ್ಚಿ ನಾಲಿಗೆಗೆ ಇಟ್ಟು ನೋಡಿದಳು.

“ಅಣ್ಣ, ಈ ಬಾವಿ ನೀರಲ್ಲೇ ನಿಮ್ಮ ಮನೆಯಲ್ಲಿ ಚಹಾ ಮಾಡುವುದಾ?”

ಬೆಂಚಿನ ಮೇಲಿದ್ದವರು ನಕ್ಕರು. ಅವಳು ನಗಲಿಲ್ಲ.

“ಬಾವಿ ನೀರಾದರೆ ಒಣಗಿಸಿ ಮುಚ್ಚಿ ಕೊಡುತ್ತೇನೆ. ಸಮುದ್ರದ್ದಾದರೆ ಪುನಃ ನೀರಿಗೇ ಹಾಕಿ ತೊಳೆಯಬೇಕು, ಇಲ್ಲದಿದ್ದರೆ ಒಳಗಿನ ಉಪ್ಪು ಎಲ್ಲವನ್ನೂ ತಿಂದು ಮುಗಿಸುತ್ತದೆ. ಎಂತ ಮಾಡಲಿ, ನೀವೇ ಹೇಳಿ. ಸುಳ್ಳಿನ ಮೇಲೆ ನಾನು ಕೈ ಹಾಕುವವಳಲ್ಲ.”

ಬಾವಿ ಎಂದರೆ ಅವನ ಮಾತು ಉಳಿಯುತ್ತಿತ್ತು, ಎಂಟು ವರ್ಷದ ಗುರುತುಗಳು ಹೋಗುತ್ತಿದ್ದವು. ತಾಂಡೇಲ ತನ್ನ ದೋಣಿಯವರ ಕಡೆಗೆ ತಿರುಗಿ ನಿಂತ.

“ಸಮುದ್ರಕ್ಕೇ ಬಿತ್ತು ಮಾರಾಯ್ರೇ. ಅಂಚಿನಲ್ಲಿ ಫೋನ್ ಹಿಡೀಬೇಡಿ ಅಂತ ನಿಮಗೆ ಬೈದವ ನಾನು. ಬೀಳಿಸಿದವನೂ ನಾನೇ.”

ನಗು ಅಲ್ಲಿಗೇ ನಿಂತಿತು. ಈ ಮಾತನ್ನು ನೆನೆದರೆ ಅವನ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಾಗುತ್ತದೆ.

ಅವಳು ಬ್ಯಾಟರಿ ತೆಗೆದಿಟ್ಟು ಒಳಭಾಗವನ್ನು ಶುದ್ಧ ನೀರಿನಲ್ಲಿ ಅದ್ದಿದಳು. ನೀರಿನಿಂದ ಕೆಟ್ಟದ್ದನ್ನು ಮತ್ತೆ ನೀರಿಗೆ ಹಾಕುವುದನ್ನು ತಾಂಡೇಲ ಬಗ್ಗಿ ನಿಂತು ನೋಡಿದ. ಆಮೇಲೆ ಸ್ಪಿರಿಟ್ ಹಾಕಿ ಸಣ್ಣ ಬ್ರಶ್ಶಿನಿಂದ ಉಜ್ಜಿದಳು. ಎರಡು ದಿನ ಒಣಗಲು ಬಿಟ್ಟಳು. ಆನ್ ಮಾಡಿ ನೋಡು ಎಂದು ಅವನು ಎಷ್ಟು ಗೋಗರೆದರೂ ಅವಳು ಜಗ್ಗಲಿಲ್ಲ. ಮೂರನೆಯ ದಿನ ಫೋನ್ ಆನ್ ಆಯಿತು. ಒಂದು ಗುರುತೂ ಅಳಿಸಿಹೋಗಿರಲಿಲ್ಲ.

ಈಗ ಆ ತೀರದಲ್ಲಿ ಯಾರ ಫೋನ್ ನೀರಿಗೆ ಬಿದ್ದರೂ ಮೊದಲು ತಾಂಡೇಲನನ್ನೇ ಹುಡುಕಿಕೊಂಡು ಬರುತ್ತಾರೆ. ಅವನು ಎದೆ ಸೆಟೆದು ಹೇಳುತ್ತಾನೆ: “ಆನ್ ಮಾಡಬೇಡಿ, ಮೀನಿನ ಜೊತೆ ಒಣಗಿಸಬೇಡಿ. ಸೀದಾ ಅವಳ ಹತ್ತಿರ ಹೋಗಿ, ಬಿದ್ದದ್ದು ಎಲ್ಲಿಗೆ ಅಂತ ಸರಿಯಾಗಿ ಹೇಳಿ. ನಾನೂ ಬೀಳಿಸಿದವನೇ.”

ಶಿಷ್ಯನ ಮುಖ ಅರಳಿತು. “ಅಂತೂ ಹೋದ ಮರ್ಯಾದೆ ಅವನಿಗೆ ಮರಳಿ ಬಂತಲ್ಲ, ಗುರುಗಳೇ” ಎಂದ.

ಗುರು ತಂಬೂರಿಯನ್ನು ಮತ್ತೆ ಕೈಗೆತ್ತಿಕೊಂಡರು.

“ಅದು ಹೋದದ್ದು ಯಾವಾಗ?”